ಕೆಂಚಮ್ಮ ಕಳಿಸಿದ ಬದ್ಲಿ

ಗೋಕುಲಂನಲ್ಲಿ ಮನೆಗೆಲಸ ಮಾಡೋ ಹೆಂಗಸರ ನಡುವೆ ಒಂದು ಕಟ್ಟಳೆ ಇದೆ. ಜ್ವರ ಬರಲಿ, ಊರಲ್ಲಿ ಸಾವಾಗಲಿ, ಮಗಳು ದೊಡ್ಡೋಳಾಗಲಿ, ಹಿಡಿದ ಮನೆಯನ್ನು ಖಾಲಿ ಬಿಡೋ ಹಾಗಿಲ್ಲ. ತಾನು ಹೋಗಲಾಗದಿದ್ದರೆ ತನ್ನ ಬದಲು ಇನ್ನೊಬ್ಬಳನ್ನು ಕಳಿಸಬೇಕು. ಅವಳಿಗೆ ಬದ್ಲಿ ಅಂತ ಹೆಸರು. ಬದ್ಲಿ ಕಳಿಸದೆ ಮನೇಲಿ ಮಲಗಿದಳೋ, ಅವಳ ಕಥೆ ಮುಗಿದ ಹಾಗೇ. ಮಾರನೇ ವಾರ ಆ ಮನೆಯ ಪೊರಕೆ ಇನ್ಯಾರದೋ ಕೈಲಿರುತ್ತೆ. ಮನೆಯೊಡತಿಯರೂ ಇದಕ್ಕೆ ಒಗ್ಗಿಕೊಂಡಿದ್ದಾರೆ. ನೆಲ ಒರೆಸಿದ್ದಾಯ್ತಾ, ಪಾತ್ರೆ ತೊಳೆದಿದ್ದಾಯ್ತಾ, ಅಷ್ಟೇ ಅವರಿಗೆ. ಒರೆಸಿದ ಕೈ ಯಾರದು ಅಂತ ಯಾರೂ ಕೇಳೋದಿಲ್ಲ. ಈ ಕಟ್ಟಳೆ ಗೊತ್ತಿಲ್ಲದವರಿಗೆ ಕೆಂಚಮ್ಮ ಮಾಡಿದ ಕೆಲಸ ಹುಚ್ಚುತನ ಅನ್ನಿಸುತ್ತೆ. ಅನ್ನಿಸಲಿ ಬಿಡಿ.

ಕೆಂಚಮ್ಮ ಬನ್ನೂರು ಕಡೆಯ ಹಳ್ಳಿಯವಳು. ಮದುವೆಯಾಗಿ ಮೇಟಗಳ್ಳಿಗೆ ಬಂದಳು. ಗಂಡ ಚೆಲುವಯ್ಯ ಅಲ್ಲೇ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯೂರಿಟಿ. ಮಕ್ಕಳು ಸ್ಕೂಲಿಗೆ ಹೋಗೋಕೆ ಶುರು ಮಾಡಿದ ಕಾಲದಿಂದ ಇವಳು ಗೋಕುಲಂನ ಮನೆಗಳಲ್ಲಿ ಕೆಲಸ ಹಿಡಿದವಳು. ಯೋಗ ಕಲಿಯೋಕೆ ಬಂದ ಫಾರಿನ್ ಜನ ಬೆಳಗೆದ್ದು ತಲೆ ಕೆಳಗೆ ಮಾಡಿ ನಿಂತಿದ್ದರೆ, ಅವರ ಸುತ್ತ ಒಂದು ಹನಿ ನೀರು ಸಿಡಿಯದ ಹಾಗೆ ನೆಲ ಒರೆಸಿ ಬರ್ತಿದ್ದಳು. ಬಾಯಿ ಜೋರು, ಕೈ ಚುರುಕು. ಯಾವ ಮನೆಯೊಡತಿಗೂ ಹೆದರಿದವಳಲ್ಲ.

ಅವಳಿಗೆ ಬದ್ಲಿ ಅಂದರೆ ತಂಗಿ ಕುಸುಮ. ಕುಸುಮನಿಗೆ ಬದ್ಲಿ ಅಂದರೆ ಇವಳು. ಕುಸುಮ ಪಕ್ಕದ ಬೀದಿಯಲ್ಲೇ ಇದ್ದಾಳೆ, ಗಂಡ ನಾಗೇಂದ್ರ ಆಟೋ ಓಡಿಸ್ತಾನೆ. ಅಕ್ಕತಂಗಿ ಇಬ್ಬರೂ ಒಂದೇ ಅಚ್ಚು: ಅದೇ ಎತ್ತರ, ಅದೇ ಅಗಲ ಹಣೆ, ಅದೇ ದಾಪುಗಾಲು. ಹಿಂದಿನಿಂದ ನೋಡಿ ಚೆಲುವಯ್ಯನೇ ಎಷ್ಟೋ ಸಲ ನಾದಿನಿಗೆ "ಏಯ್, ಕಾಫಿ ತಾ" ಅಂದು ನಾಲಗೆ ಕಚ್ಚಿಕೊಂಡಿದ್ದಾನೆ.

ಮೂರು ವರ್ಷದ ಹಿಂದೆ ಕೆಂಚಮ್ಮನ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಕ್ಯಾನ್ಸರ್ ಅಂದರು. ಆಪರೇಷನ್ ಆಯ್ತು, ಕೂದಲು ಉದುರಿತು, ನಾಲಗೆಗೆ ಅನ್ನ ಮಣ್ಣಾಯ್ತು. ಅಷ್ಟೂ ತಿಂಗಳು ಕುಸುಮ ತನ್ನ ಮನೆಗಳ ಜೊತೆಗೆ ಅಕ್ಕನ ಮನೆಗಳನ್ನೂ ಮಾಡಿದಳು. ಒಂದು ಮನೆಯನ್ನೂ ಕೈಬಿಟ್ಟು ಹೋಗೋಕೆ ಬಿಡಲಿಲ್ಲ. ಆರು ತಿಂಗಳಾದ ಮೇಲೆ ಕೆಂಚಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ಹೋಗಿ ನಿಂತಾಗ ಪೊರಕೆ ಅವಳಿಗಾಗಿ ಅಲ್ಲೇ ಇತ್ತು.

ವಾಸಿಯಾಯ್ತು ಅಂತ ಡಾಕ್ಟರು ಹೇಳಲಿಲ್ಲ. "ಈಗ ಏನೂ ಕಾಣ್ತಿಲ್ಲ" ಅಂದರು. ಆ 'ಈಗ' ಅನ್ನೋ ಮಾತು ಇದೆಯಲ್ಲ, ಅದು ಕೆಂಚಮ್ಮನ ಹೊಟ್ಟೆಯೊಳಗೆ ಕೂತುಬಿಟ್ಟಿತು. ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಒಂದು ಸಂಶೋಧನೆ ನಡೀತಿತ್ತು. ಅದನ್ನ ನೋಡಿಕೊಳ್ಳೋ ಐಶ್ವರ್ಯ ಅನ್ನೋ ಹುಡುಗಿ ಇವಳನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದ್ದಳು: "ಗಡ್ಡೆ ಮೈಯೊಳಗೆ ಎಲ್ಲೇ ಇದ್ರೂ ಅದರ ಸಣ್ಣ ಸಣ್ಣ ಚೂರು ರಕ್ತಕ್ಕೆ ಬೀಳ್ತಿರುತ್ತೆ ಅಮ್ಮ. ಕಣ್ಣಿಗೆ ಕಾಣಲ್ಲ, ಮಷೀನ್‌ಗೆ ಸಿಗಬಹುದು. ಮತ್ತೆ ಕಾಯಿಲೆ ಬರೋದಾದ್ರೆ ಸ್ಕ್ಯಾನ್‌ನಲ್ಲಿ ಕಾಣೋಕೆ ಮೊದಲೇ ರಕ್ತದಲ್ಲಿ ಗೊತ್ತಾಗುತ್ತಾ ಅಂತ ನಾವು ನೋಡ್ತಿದೀವಿ. ಮೂರು ತಿಂಗಳಿಗೊಂದು ಸಲ ಬಂದು ರಕ್ತ ಕೊಟ್ಟು ಹೋಗಿ. ಅಷ್ಟೇ." ಕೆಂಚಮ್ಮ ಆಗಲಿ ಅಂದಳು. ರಾಗಿಯಲ್ಲಿ ಕಲ್ಲು ಆರಿಸೋ ಹಾಗೆ ಯಾರೋ ತನ್ನ ರಕ್ತ ಆರಿಸ್ತಾರೆ, ಒಳ್ಳೇದೇ ಅಲ್ವಾ ಅಂತ.

ಒಳ್ಳೇದೇ. ಆದರೆ ಅದು ಹೊತ್ತು ತಂದ ಭಯ ಎಂಥದ್ದು ಅಂತ ಯಾರೂ ಮೊದಲೇ ಹೇಳಿರಲಿಲ್ಲ. ನೋವು ಬಂದರೆ ಹೆದರೋದು ಎಲ್ಲರಿಗೂ ಇದ್ದದ್ದೇ. ಇಲ್ಲಿ ನೋವು ಇಲ್ಲ, ಗಂಟಿಲ್ಲ, ಏನೂ ಇಲ್ಲ, ಆದರೂ ರಕ್ತ ಕೊಟ್ಟ ದಿನದಿಂದ ಸುದ್ದಿ ಬರೋ ದಿನದವರೆಗೆ ಕೆಂಚಮ್ಮನ ಜೀವ ಅಂಗೈಯಲ್ಲಿ. ಫೋನ್ ರಿಂಗಾದರೆ ಕೈಲಿದ್ದ ಪಾತ್ರೆ ಜಾರೋದು. "ಈ ಸಲವೂ ಏನಿಲ್ಲ ಅಮ್ಮ" ಅಂತ ಐಶ್ವರ್ಯ ಹೇಳಿದ ಮೇಲೆ ನಾಲ್ಕು ದಿನ ನಗುನಗುತ್ತಾ ಇರೋದು, ಆಮೇಲೆ ಮುಂದಿನ ಸಲದ ಲೆಕ್ಕ ಶುರು. ಕುಸುಮ ರೇಗಿಸ್ತಿದ್ದಳು. "ಒಂದು ಸೂಜಿಗೆ ಇಷ್ಟು ಭಯವೇನಕ್ಕ? ಮನೆ ಓನರಮ್ಮನ ಜುಟ್ಟು ಹಿಡ್ಕೊಂಡು ಜಗಳ ಆಡಿದೋಳು ನೀನು."

ಈ ವರ್ಷ ಮಳೆಗಾಲ ಶುರುವಾಗೋ ಹೊತ್ತಿಗೆ ಕೆಂಚಮ್ಮನ ಸೊಂಟದ ಮೇಲ್ಗಡೆ ಒಂದು ನೋವು ಹಿಡೀತು. ಬಗ್ಗಿ ಒರೆಸೋಳಿಗೆ ಸೊಂಟ ನೋಯೋದು ಹೊಸದೇನಲ್ಲ. ಆದರೆ ಹಾವು ಕಡಿಸಿಕೊಂಡವರು ಹಗ್ಗ ಕಂಡರೂ ಹೆದರ್ತಾರೆ. ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿದ್ದ ಹೆಂಗಸಿಗೆ ಕಾಯಿಲೆ ಬೆನ್ನುಮೂಳೆಗೆ ಹೋಗಿತ್ತು, ಅವಳೂ ಮೊದಮೊದಲು ಸೊಂಟ ನೋವು ಅಂತಲೇ ಅನ್ನುತ್ತಿದ್ದಳು. ಕೆಂಚಮ್ಮ ಯಾರಿಗೂ ಬಾಯಿ ಬಿಡಲಿಲ್ಲ. ಮೂಳೆಗೆ ಬಂದಿದೆ ಅಂತ ತಾನೇ ತೀರ್ಮಾನ ಮಾಡಿಕೊಂಡಳು. ರಕ್ತ ಕೊಡೋ ದಿನ ಹತ್ತಿರ ಬಂದಂತೆ ಊಟ ಸೇರದಾಯ್ತು. ಹೋದರೆ ಗೊತ್ತಾಗುತ್ತೆ. ಹೋಗದಿದ್ದರೆ ಐಶ್ವರ್ಯ ಚೆಲುವಯ್ಯನಿಗೇ ಫೋನ್ ಮಾಡ್ತಾಳೆ, ಅವನು ಎಳೆದುಕೊಂಡು ಹೋಗ್ತಾನೆ.

ಹಿಂದಿನ ದಿನ ಐಶ್ವರ್ಯ ಫೋನ್ ಮಾಡಿ, "ನಾಳೆ ನಾನು ಇರಲ್ಲ ಅಮ್ಮ, ಬೇರೆಯವರು ರಕ್ತ ತಗೋತಾರೆ, ನೀವು ಬಂದು ಕಾರ್ಡ್ ತೋರಿಸಿ" ಅಂದಳು. ಆ ಮಾತು ಕಿವಿಗೆ ಬಿದ್ದಿದ್ದೇ ತಡ, ಇಷ್ಟು ವರ್ಷದ ಅಭ್ಯಾಸ ತಾನಾಗಿ ಎದ್ದು ಕೂತಿತು. ಕೆಂಚಮ್ಮ ನೇರ ತಂಗಿ ಮನೆಗೆ ಹೋದಳು.

"ಕುಸ್ಮ, ನಾಳೆ ಆಸ್ಪತ್ರೆಗೆ ನನ್ನ ಬದ್ಲಿ ಹೋಗ್ಬುಟ್ಟು ಬತ್ತೀಯಾ?"

ಕುಸುಮ ನಕ್ಕಳು. ಅಕ್ಕನ ಮುಖ ನೋಡಿ ನಗು ನಿಂತಿತು. "ರಕ್ತಕ್ಕೂ ಬದ್ಲಿನಾ? ಗೊತ್ತಾದ್ರೆ ಬಯ್ಯಕಿಲ್ವಾ?"

"ಎಲ್ರೂ ಮಾಸ್ಕ್ ಹಾಕಿರ್ತಾರೆ. ಹೆಸರು ಕೂಗ್ತಾರೆ, ಕೈ ಕೊಡೋದು, ಬರೋದು. ನಿನ್ನ ರಕ್ತ ಚೆನ್ನಾಗದೆ. ಏನಿಲ್ಲ ಅಂತ ಬರ್ತದೆ. ಇದೊಂದ್ಸಲ ನಾನು ನೆಮ್ಮದಿಯಾಗಿರ್ತೀನಿ ಕಣೆ. ನನ್ನ ಕೈಲಿ ಆಗ್ತಿಲ್ಲ."

ಕುಸುಮ ಹೆಚ್ಚು ಕೇಳಲಿಲ್ಲ. ಅಕ್ಕ ಅಳೋದನ್ನ ಅವಳು ನೋಡಿದ್ದು ಕಡಮೆ. ಮಾರನೇ ದಿನ ಅಕ್ಕನ ಕಾರ್ಡ್ ಹಿಡಿದು ಹೋದಳು, "ಕೆಂಚಮ್ಮ" ಅಂದಾಗ ಎದ್ದಳು, ಕೈ ಕೊಟ್ಟಳು, ಬಂದಳು. "ಎರಡು ಟ್ಯೂಬು ತುಂಬಿಸ್ಕೊಂಡ್ರು. ಬಿಸ್ಕತ್ತು ಕೊಟ್ರು" ಅಂತ ಹೇಳಿ ಒಂದು ಬಿಸ್ಕತ್ತು ಅಕ್ಕನಿಗೂ ತಂದಿದ್ದಳು. ಕೆಂಚಮ್ಮ ಎಷ್ಟೋ ವಾರದ ಮೇಲೆ ಹೊಟ್ಟೆ ತುಂಬ ಉಂಡಳು.

ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಫೋನ್ ಬಂತು. ಕೆಂಚಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಐಶ್ವರ್ಯನ ದನಿ ಎಂದಿನ ಹಾಗಿರಲಿಲ್ಲ. "ಅಮ್ಮ, ಡಾಕ್ಟರ್ ಪ್ರದ್ಯುಮ್ನ ಅವರು ನಿಮ್ಮ ಹತ್ರ ಮಾತಾಡಬೇಕಂತೆ. ನಾಳೆ ಬನ್ನಿ. ಮನೆಯವರನ್ನ ಕರ್ಕೊಂಡು ಬನ್ನಿ."

ಮನೆಯವರನ್ನ ಕರ್ಕೊಂಡು ಬನ್ನಿ ಅಂದರೆ ಏನು ಅಂತ ಕೆಂಚಮ್ಮನಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆಯೂ ಹೀಗೇ ಅಂದಿದ್ದರು. ಮರುಕ್ಷಣವೇ ನೆನಪಾಯಿತು: ಅದು ನನ್ನ ರಕ್ತ ಅಲ್ಲ. ನಂದಲ್ಲ. ಅಯ್ಯೋ ನಮ್ಮಪ್ಪ, ನಂದಲ್ಲ. ಮೈಯೆಲ್ಲ ಹಗುರಾಯ್ತು. ಕಾಲು ಚಾಚಿ ಗೋಡೆಗೆ ಒರಗಿ ಕೂತಳು. ಸಂತೋಷವಾಯ್ತು ಅಂತ ಬಾಯಿಬಿಟ್ಟು ಹೇಳೋಕೆ ನಾಚಿಕೆ, ಆದರೆ ಆದದ್ದು ಸಂತೋಷವೇ. ಎದ್ದು ಕಾಫಿ ಬೇರೆ ಕಾಯಿಸಿಕೊಂಡಳು. ಲೋಟ ಅರ್ಧ ಖಾಲಿಯಾದಾಗ ಕೈ ನಿಂತಿತು. ತನ್ನದಲ್ಲ ಅಂದ ಮೇಲೆ ಅದು ಯಾರದೋ ಒಬ್ಬರದು ಆಗಲೇಬೇಕಲ್ಲ.

ಚೆಲುವಯ್ಯನಿಗೆ ಹೇಳಲಿಲ್ಲ. ಕುಸುಮನಿಗಂತೂ ಹೇಳಲಿಲ್ಲ. "ಸೊಂಟಕ್ಕೆ ಮಾತ್ರೆ ಈಸ್ಕೊಂಡು ಬತ್ತೀನಿ, ಮೂರನೇ ಕ್ರಾಸಿನ ಮನೆ ನೀನೇ ಮಾಡ್ಬುಡು" ಅಂತ ತಂಗಿಯನ್ನು ಕೆಲಸಕ್ಕೆ ಕಳಿಸಿ ಒಬ್ಬಳೇ ಬಸ್ ಹತ್ತಿದಳು. ಸಣ್ಣದೇನೋ ಇರುತ್ತೆ, ರಕ್ತ ಕಮ್ಮಿ ಅಂತಿರುತ್ತೆ ಅಂತ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಡಾಕ್ಟರ್ ಪ್ರದ್ಯುಮ್ನ ಮಾತಿನಲ್ಲಿ ಮೃದು. "ಕೆಂಚಮ್ಮನವರೇ, ಈ ಸಲದ ರಕ್ತದಲ್ಲಿ ಒಂದು ಸುಳಿವು ಸಿಕ್ಕಿದೆ. ಇದು ಇನ್ನೂ ಸಂಶೋಧನೆ. ಪರೀಕ್ಷೆ ತಪ್ಪಿರಲೂಬಹುದು. ರಕ್ತ ಒಂದನ್ನೇ ನಂಬಿ ನಾವು ಕಾಯಿಲೆ ಇದೆ ಅನ್ನೋಲ್ಲ. ಹಾಗಂತ ಸುಮ್ಮನಿರೋಕೂ ಆಗಲ್ಲ." ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಅನ್ನಿಸಿದರೂ ಅವರು ಇದ್ದದ್ದನ್ನೇ ಹೇಳುತ್ತಿದ್ದರು. "ಒಂದು ವಿಷಯ ನನಗೆ ಅರ್ಥ ಆಗ್ತಿಲ್ಲ. ಇದು ನಿಮ್ಮ ಹಳೇ ಕಾಯಿಲೆ ಥರ ಕಾಣ್ತಿಲ್ಲ. ಚೂರುಗಳ ಗುರುತು ನೋಡಿದ್ರೆ ಅಂಡಾಶಯದ ಕಡೆ ಬೆರಳು ತೋರಿಸ್ತಿದೆ. ಹೊಟ್ಟೆ ಉಬ್ಬರ ಇದೆಯಾ? ಸ್ವಲ್ಪ ತಿಂದ್ರೂ ತುಂಬಿದ ಹಾಗಾಗುತ್ತಾ?"

ಕೆಂಚಮ್ಮನಿಗೆ ಅದೇನೂ ಇರಲಿಲ್ಲ. ಈಚೆಗೆ ಅರ್ಧ ಮುದ್ದೆ ಮುರಿದು ತಟ್ಟೆ ಸರಿಸ್ತಿದ್ದವಳು ಕುಸುಮ. ಲಂಗದ ಲಾಡಿ ಸಡಿಲ ಮಾಡಿಕೊಂಡು "ಗ್ಯಾಸ್ ಕಣಕ್ಕ, ವಯಸ್ಸಾಯ್ತಲ್ಲ" ಅನ್ನುತ್ತಿದ್ದವಳು ಕುಸುಮ.

"ನಿಮ್ಮ ಕಡೆ ಯಾರಿಗಾದ್ರೂ ಇತ್ತಾ? ತಾಯಿಗೆ? ಒಡಹುಟ್ಟಿದವರಿಗೆ?"

"ಗೊತ್ತಿಲ್ಲ ಸಾ" ಅಂದಳು. ಸುಳ್ಳು. ಅವ್ವ ಹೊಟ್ಟೆಗೆ ನೀರು ತುಂಬಿಕೊಂಡು ಸತ್ತಿದ್ದಳು. ಹಳ್ಳಿಯಲ್ಲಿ ಅದನ್ನು ಮಹೋದರ ಅಂದರು, ಯಾರೋ ಮದ್ದು ಹಾಕಿದ್ದಾರೆ ಅಂದರು. ಕಡೆಕಡೆಗೆ ಅವ್ವ ಕೂತರೆ ಮಲಗಲಾರಳು, ಮಲಗಿದರೆ ಏಳಲಾರಳು. ಕುಸುಮ ಆಗ ಚಿಕ್ಕವಳು, ಅವ್ವನ ಹೊಟ್ಟೆ ನೋಡಿ ಮಗು ಹುಟ್ಟುತ್ತಾ ಅಂತ ಕೇಳಿದ್ದಳು.

ನಾಳಿದ್ದು ಸ್ಕ್ಯಾನಿಗೆ ಬನ್ನಿ ಅಂದರು. ಹ್ಞೂಂ ಅಂದು ಎದ್ದು ಬಂದಳು. ನೋಡಿ, ಇಲ್ಲಿಯವರೆಗೂ ಅವಳು ಬಾಯಿ ಬಿಟ್ಟಿರಲಿಲ್ಲ. ಆಸ್ಪತ್ರೆ ಗೇಟಿನಾಚೆ ಟೀ ಗಾಡಿ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಳು. ಬಾಯಿ ಬಿಟ್ಟರೆ ಬಣ್ಣಗೇಡು. ಮೋಸ ಮಾಡಿದ್ದು ಗೊತ್ತಾಗುತ್ತೆ, ಮುಂದೆ ಈ ಆಸ್ಪತ್ರೆಯಲ್ಲಿ ಇವಳ ಕಡೆ ಯಾರೂ ನೋಡಲಿಕ್ಕಿಲ್ಲ. ಇವಳ ರಕ್ತವನ್ನೂ ತೆಗೀತಾರೆ, ಸೊಂಟದ ಗುಟ್ಟೂ ಹೊರಬೀಳುತ್ತೆ. ಸುಮ್ಮನಿದ್ದರೆ? ನಾಳಿದ್ದು ತಾನೇ ಹೋಗಿ ಸ್ಕ್ಯಾನಿನಡಿ ಮಲಗೋದು. ಏನೂ ಕಾಣಲ್ಲ. ಪರೀಕ್ಷೆ ತಪ್ಪಿತ್ತು ಅಂತ ಡಾಕ್ಟರು ಬರೆದುಕೊಳ್ತಾರೆ. ಕುಸುಮನನ್ನು ಗ್ಯಾಸಿಗೆ ಅಂತ ಬೀದಿ ಕೊನೆಯ ಕ್ಲಿನಿಕ್ಕಿಗೆ ಕಳಿಸಿದರಾಯ್ತು. ಅವರು ಮಾತ್ರೆ ಕೊಡ್ತಾರೆ. ಕುಸುಮ ಮಾತ್ರೆ ನುಂಗಿ ಕೆಲಸಕ್ಕೆ ಹೋಗ್ತಾಳೆ. ಲಾಡಿ ಇನ್ನಷ್ಟು ಸಡಿಲ ಮಾಡಿಕೊಳ್ತಾಳೆ.

ಟೀ ಗಾಡಿಯವನು "ಏನವ್ವ, ಟೀ ಕೊಡ್ಲಾ?" ಅಂದ. ಕೆಂಚಮ್ಮ ಎದ್ದು ಮತ್ತೆ ಒಳಗೆ ನಡೆದಳು.

"ಸಾ, ಅದು ನನ್ನ ರಕ್ತ ಅಲ್ಲ."

ಪ್ರದ್ಯುಮ್ನ ಪೆನ್ನು ಕೆಳಗಿಟ್ಟರು. ಐಶ್ವರ್ಯ ಬಾಗಿಲ ಹತ್ತಿರ ನಿಂತಿದ್ದವಳು ಹಾಗೇ ನಿಂತಳು.

"ಮತ್ತೆ ಯಾರದ್ದು?"

"ನನ್ನ ತಂಗೀದು. ನಂಗೆ ಭಯ ಆಗಿ ಅವಳನ್ನ ಬದ್ಲಿ ಕಳಿಸ್ದೆ."

ಮೃದುವಾದ ಮನುಷ್ಯ ಕೆಂಪಗಾದರು. "ಇದೇನು ಪಾತ್ರೆ ತೊಳೆಯೋ ಕೆಲಸ ಅಂದ್ಕೊಂಡ್ರಾ, ಬದ್ಲಿ ಕಳಿಸೋಕೆ? ಎಷ್ಟು ಜನರ ಶ್ರಮ ಇದರಲ್ಲಿದೆ ಗೊತ್ತಾ ನಿಮಗೆ?"

ಬೇರೆ ದಿನವಾಗಿದ್ದರೆ ಪಾತ್ರೆ ತೊಳೆಯೋ ಕೆಲಸದ ಬಗ್ಗೆ ಅಂಥ ಮಾತಾಡಿದವರನ್ನು ಕೆಂಚಮ್ಮ ಬಿಡ್ತಿರಲಿಲ್ಲ. ಅವತ್ತು ತಲೆ ತಗ್ಗಿಸಿ ನಿಂತಳು. "ಅವಳಿಗೆ ಹೊಟ್ಟೆ ಉಬ್ಬರ ಅದೆ ಸಾ. ನಮ್ಮವ್ವನೂ ಹಂಗೇ ಸತ್ತಿದ್ದು. ನನ್ನನ್ನ ಏನಾದ್ರೂ ಮಾಡಿ. ಅವಳನ್ನ ನೋಡಿ."

ಡಾಕ್ಟರ ಮುಖದಲ್ಲಿ ಈಗ ಸಿಟ್ಟು ಇರಲಿಲ್ಲ, ಗಾಬರಿಯಿತ್ತು. "ಎಲ್ಲಿದಾರೆ ಅವರು? ಇವತ್ತೇ ಕರ್ಕೊಂಡು ಬನ್ನಿ."

ಕುಸುಮ ಮೂರನೇ ಕ್ರಾಸಿನ ಮನೆಯ ಮಹಡಿಯಲ್ಲಿ ನೆಲ ಒರೆಸುತ್ತಿದ್ದಳು. ಕೆಂಚಮ್ಮ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ ನಿಂತಳು. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತಿತ್ತು. ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟಳು. ಕುಸುಮ ಕೇಳಿಸಿಕೊಂಡಳು, ಬಟ್ಟೆ ಬಕೆಟ್ಟಿಗೆ ಅದ್ದಿದಳು, ಹಿಂಡಿದಳು, ಉಳಿದಿದ್ದ ಮೂಲೆ ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

"ನಾನು ಬರಾಕಿಲ್ಲ."

"ಡಾಕ್ಟ್ರು ಕಾಯ್ತಾವ್ರೆ ಕುಸ್ಮ."

"ನಿನ್ನ ಭಯ ತಗೊಂಬಂದು ನನ್ನ ತಲೆಗೆ ಕಟ್ಟಿದ್ಯಲ್ಲ ಅಕ್ಕ. ನೀನೇ ಹೋಗಿದ್ರೆ ನಂಗೆ ಏನೂ ಗೊತ್ತಾಗ್ತಿರ್ನಿಲ್ಲ. ಆರಾಮಾಗಿದ್ದೆ ನಾನು." ಬಟ್ಟೆ ಬಕೆಟ್ಟಿಗೆ ಹಾಕಿದಳು. "ಅವ್ವನ ಹಂಗೆ ಆಯ್ತೀನಾ?"

ಇಲ್ಲ ಅನ್ನೋಕೆ ಕೆಂಚಮ್ಮನಿಗೆ ಧೈರ್ಯವಾಗಲಿಲ್ಲ. "ಅವ್ವನ್ನ ಯಾರೂ ಆಸ್ಪತ್ರೆಗೆ ಕರ್ಕೊಂಡ್ಹೋಗ್ನಿಲ್ಲ" ಅಂದಳು. ಕುಸುಮ ಸೆರಗಿಗೆ ಕೈ ಒರೆಸಿಕೊಂಡು ಮೆಟ್ಟಿಲಿಳಿದಳು. ಕೆಂಚಮ್ಮ ನಾಗೇಂದ್ರನಿಗೆ ಫೋನ್ ಮಾಡಿ ಆಟೋ ತರೋಕೆ ಹೇಳಿದಳು. ಅವನು ಬಂದು, ವಿಷಯ ಕೇಳಿ, ಅತ್ತಿಗೆಯ ಮುಖವನ್ನೂ ನೋಡದೆ ಗಾಡಿ ಓಡಿಸಿದ. ಹಿಂದಿನ ಸೀಟಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟದೆ ಕೂತಿದ್ದರು.

ಸ್ಕ್ಯಾನಿನಲ್ಲಿ ಎಡಗಡೆಯ ಅಂಡಾಶಯದಲ್ಲಿ ಗಡ್ಡೆ ಕಂಡಿತು. ಬೇರೆ ಕಡೆ ಹರಡಿದ ಹಾಗೆ ಕಾಣ್ತಿಲ್ಲ, ಹೊಟ್ಟೆ ತೆರೆದಾಗಲೇ ಖಚಿತ, ತಡ ಮಾಡೋದು ಬೇಡ ಅಂದರು. ರಕ್ತ ಹೇಳಿತು ಅಂತಲ್ಲ, ಸ್ಕ್ಯಾನ್‌ನಲ್ಲಿ ಕಂಡಿತು, ಅದಕ್ಕೇ ಆಪರೇಷನ್ ಅಂತ ಪ್ರದ್ಯುಮ್ನ ಬಿಡಿಸಿ ಹೇಳಿದರು. ಅವತ್ತೇ ಕೆಂಚಮ್ಮನ ರಕ್ತವನ್ನೂ ತೆಗೆದರು. ಐಶ್ವರ್ಯ ತಾನೇ ನಿಂತು ತೆಗೆಸಿದಳು. ಹತ್ತಿ ಒತ್ತಿ ಹಿಡಿದುಕೊಳ್ಳಿ ಅಂದಳು, ಅಷ್ಟೇ. ಸಂಶೋಧನೆಯಲ್ಲಿ ನಿಮ್ಮನ್ನ ಇಟ್ಟುಕೊಳ್ಳೋದು ಬಿಡೋದು ದೊಡ್ಡೋರು ತೀರ್ಮಾನ ಮಾಡ್ತಾರೆ, ಸೊಂಟದ ನೋವನ್ನಂತೂ ನೋಡೇ ನೋಡ್ತೀವಿ ಅಂತ ಡಾಕ್ಟರು ಹೇಳಿದರು.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಕೆಂಚಮ್ಮ ವಾರ್ಡಿಗೆ ಹೋದಳು. ಅವಳ ರಕ್ತದ ಸುದ್ದಿ ಇನ್ನೂ ಬಂದಿರಲಿಲ್ಲ. ಭಯ ಹಾಗೇ ಇತ್ತು, ಒಂದಕ್ಕೆ ಎರಡಾಗಿತ್ತು. ಕುಸುಮನ ಸಿಟ್ಟು ಮಾತ್ರ ಇಳಿದಿತ್ತು. ಪಕ್ಕದ ಮಂಚದ ಹೆಂಗಸಿಗೆ ಇವಳನ್ನು ತೋರಿಸಿ ಹೇಳುತ್ತಿದ್ದಳು: "ಇವಳೇ ನಮ್ಮಕ್ಕ. ಇವಳು ಹೆದರ್ಕೊಂಡು ನನ್ನನ್ನ ಕಳಿಸ್ನಿಲ್ಲ ಅಂದಿದ್ರೆ ನಂಗೆ ಗೊತ್ತೇ ಆಗ್ತಿರ್ನಿಲ್ಲ. ನನ್ನ ಜೀವ ಉಳಿಸಿದೋಳು ಕಣ್ರೀ." ಆ ಹೆಂಗಸು ಕೆಂಚಮ್ಮನಿಗೆ ಕೈ ಮುಗಿದಳು.

ಕೆಂಚಮ್ಮನಿಗೆ ತಡೆಯಲಾಗಲಿಲ್ಲ. ಆ ಹೆಂಗಸು ಎದ್ದು ಆಚೆ ಹೋಗೋವರೆಗೆ ಕಾದು ತಂಗಿಯ ಪಕ್ಕ ಕೂತಳು.

"ಅಂಗೆಲ್ಲ ಹೇಳ್ಬೇಡ ಕಣೆ. ನಂಗೆ ಫೋನ್ ಬಂತಲ್ಲ, ಆವತ್ತು... ಮೊದಲು ನಂಗೆ ಸಂತೋಷ ಆಯ್ತು. ನನ್ನ ರಕ್ತ ಅಲ್ಲ ಅಂತ. ಕಾಫಿ ಕಾಯಿಸ್ಕೊಂಡು ಕುಡ್ದೆ. ನೀನು ಆಮೇಲೆ ನೆಪ್ಪಿಗೆ ಬಂದೆ."

ಕುಸುಮ ಹಾಸಿಗೆಯ ಅಂಚು ಸವರಿದಳು.

"ನಂಗೂ ಆಗಿತ್ತಕ್ಕ" ಅಂದಳು. "ನಿಂಗೆ ಕ್ಯಾನ್ಸರ್ ಅಂದ ದಿನ. ಬಾತ್‌ರೂಮಿಗೆ ಹೋಗಿ ನನ್ನ ಎದೆ ಮುಟ್ಟಿ ಮುಟ್ಟಿ ನೋಡ್ಕೊಂಡೆ. ಗಂಟಿರ್ನಿಲ್ಲ. ಸದ್ಯ ನಂಗಲ್ಲ ಅಂತ ದೇವರಿಗೆ ಕೈ ಮುಗ್ದೆ. ಆಮೇಲೆ ನಿನ್ನ ಮನೆಗಳ ಕೆಲಸಕ್ಕೆ ಹೋದೆ."

ನರ್ಸ್ ಬಂದು, ನಾಳೆ ಆಪರೇಷನ್‌ಗೆ ಎರಡು ಜಡೆ ಹಾಕಿರಬೇಕು, ಯಾರಾದ್ರೂ ಹಾಕಿಕೊಡಿ ಅಂತ ಹೇಳಿ ಹೋದರು. ಕುಸುಮ ಕೂದಲು ಬಿಚ್ಚಿ ಅಕ್ಕನಿಗೆ ಬೆನ್ನು ಕೊಟ್ಟು ಕೂತಳು. ಕೆಂಚಮ್ಮ ಬಾಚಣಿಗೆ ತೆಗೆದುಕೊಂಡಳು. ಬೈತಲೆ ಸೊಟ್ಟಗೆ ಬಂತು. ಕುಸುಮ ಬೆರಳಲ್ಲಿ ಮುಟ್ಟಿ ನೋಡಿ, ಹಾಗೇ ಇರಲಿ ಅಂತ ತಲೆ ಬಗ್ಗಿಸಿ ಕೊಟ್ಟಳು.